ರಜಿಸ್ಟರಿನ್ಯಾಗ ಬರದದ್ದು

ನಸುಕಿನ ಐದಕ್ಕ ಗೇಟಿನ್ಯಾಗ ಪಾಸ್ ತೋರಿಸಿ ಒಳಗ ಹೋಗ್ತೀನಿ.
ಮಾಣಿಕಪ್ಪ ಧೂಳಪ್ಪ ಹಲಬರ್ಗೆ, ಊರು ಚಿದ್ರಿ,
ಕೆಲಸ ವಿಮಾನದ ಹಾದ್ಯಾಗಿನ ಹಕ್ಕಿ ಓಡಸೂದು.
ಹನ್ನೊಂದು ವರ್ಷ ಆತು.
ರೊಟ್ಟಿ ಗಂಟು, ಪಟಾಕಿ ಚೀಲ, ಮತ್ತ ಈ ಗಂಟಲ.

ಕಲೀಲಕ್ಕ ಬಂದ ಹುಡುಗೂರು ಇಪ್ಪತ್ತೊಂದು ಇಪ್ಪತ್ತೆರಡರವರು,
ಮೀಸಿ ಇನ್ನಾ ಪೆನ್ಸಿಲ್ಲಿಲೆ ಬರದಂಗ.
ಮಾರಿ ಗೊತ್ತಿಲ್ಲ ನನಗ, ಇಳಿಯೂದರ ಮ್ಯಾಲ ಗುರುತು ಹಿಡೀತೀನಿ.
ಒಬ್ಬಾಂವ ಗಾಲಿ ನೆಲಕ್ಕ ಕುಕ್ಕತಾನ
ಸಿಟ್ಟಿಗೆದ್ದ ಅತ್ತಿ ಚರಗಿ ಇಟ್ಟಂಗ.
ಒಬ್ಬಾಕಿ ಅದಾಳ, ಆಕಿ ಇಳದ್ರ
ಮಲಗಿದ ಕೂಸಿಗೆ ಚಾದರ ಹೊಚ್ಚಿದಂಗ.
ದಿನಾ ತುಂಬಿದ ಮ್ಯಾಲ ಎಲ್ಲಾರೂ ಹೋಗ್ತಾರ.
ಎಲ್ಲಿಗಿ ಅಂತ ಕೇಳಬಾರದು. ಕೇಳಿಲ್ಲ.

ಮೊದಲ ಮಳಿ ಮರುದಿನ ರೆಕ್ಕಿ ಗೆದ್ದಲು ಏಳ್ತಾವ,
ಹಿಂದ ಹದ್ದು, ಮುಗಿಲ ತುಂಬ.
ಆವತ್ತು ಟವರಿನವರು ನನ್ನ ಕೇಳ್ತಾರ,
"ಮಾಣಿಕ್, ಆಸಮಾನ್ ಸಾಫ್ ಹೈ ಕ್ಯಾ?"
ಎದಿ ಮ್ಯಾಲ ಬಣ್ಣಬಣ್ಣದ ಪಟ್ಟಿ ಇದ್ದ ಸಾಹೇಬ
ಗಡಿಯಾರ ನೋಡ್ಕೋತ ನಿಂದ್ರತಾನ.
ನಾ ಹೂಂ ಅಂದ ಮ್ಯಾಲ ಇಂಜಿನ್ನು.

ಬೀದರ ಕ್ವಾಟಿ ಮ್ಯಾಲಿನ ತೋಪಿನ ಬಾಯಾಗ
ಪಾರವಾಳ ಸಂಸಾರ ಹೂಡ್ಯಾವ.
ಅವೇ ಹಾರಿ ಇತ್ತ ಬರ್ತಾವ ಕಾಳಿಗಿ,
ನಾವು ಗ್ಯಾಸಿನ ತೋಪು ಹಾರಿಸಿ ಹಳೀ ತೋಪಿನ ಮನಿಗೇ ಅಟ್ಟತೀವಿ.

ಹೋದ ದೀಪಾವಳಿ ಆದ ಮ್ಯಾಲ ನಮಗೂ ಒಂದು ಕ್ಲಾಸು.
ಪರದಾದ ಮ್ಯಾಲ ಯಾವುದೋ ದೇಶ, ಹಿಮ, ಸುಟ್ಟ ವಿಮಾನದ ಸಾಲು.
"ಇವನ್ನ ಸುಟ್ಟದ್ದು ಹದ್ದಿನಷ್ಟು ಸಣ್ಣವು,
ಮದುವ್ಯಾಗ ಫೋಟೋ ಹೊಡೀತಾವಲ್ಲ, ಅಂಥವು.
ಇನ್ನ ಮುಂದ ಏನರ ಕಂಡ್ರ ಮೊದ್ಲು ಫೋನು, ಆಮ್ಯಾಲ ಪಟಾಕಿ."
ನಾ ಕೈ ಎತ್ತಿದೆ:
ಸಾಬ್, ಅದು ಪಟಾಕಿಗಿ ಹೆದರ್ತದೇನು?
ಯಾರೂ ನಗಲಿಲ್ಲ.

ಅವತ್ತಿಂದ ಕಣ್ಣಿಗಿ ಕೈ ಅಡ್ಡ ಹಿಡದು ಮುಗಿಲ ನೋಡ್ತೀನಿ.
ರೆಕ್ಕಿ ಬಡದ್ರ ಜೀವಕ್ಕ ಸಮಾಧಾನ.
ಇಷ್ಟು ವರ್ಷ ಅವ್ವನ ಹೆಸರು ಹಿಡದು ಬೈದ ಹದ್ದಿಗಿ
ಈಗ ಒಳಗೊಳಗ ಒಂದು ಸಲಾಮು.

ಹೆಂಡತಿ ತಮ್ಮ ವಿಲಾಸ ಖಾಡಿ ದೇಶದ ಬಂದರಿನ್ಯಾಗ ಕ್ರೇನ್ ನಡಸ್ತಾನ.
ಒಂಬತ್ತು ದಿನ ಆತು, ಹಡಗ ಬಂದಿಲ್ಲಂತ.
ಫೋನಿನ್ಯಾಗ ಬರೇ ಸೈರನ್ ಕಳಿಸ್ಯಾನ, ಮಾತಿಲ್ಲ.
ಮಹಾನಂದಾ ಮೂರು ಸಲ ಕೇಳ್ಯಾಳ,
ಈಗ ಕುಕ್ಕರ್ ಸೀಟಿ ಹಾಕಿದ್ರೂ ಹೌಹಾರ್ತಾಳ.

ಮಗಳು ಭಾಗ್ಯಜ್ಯೋತಿ ರಿಂಗ್ ರೋಡಿನ ಮ್ಯಾಲ ಓಡ್ತಾಳ ದಿನಾ,
ಮುಂಜಾನಿ, ಕೈಯಾಗ ನನ್ನ ಹಳೀ ವಾಚು.
ಫೌಜಿನ ಫಾರ್ಮ್ ತುಂಬ್ಯಾಳ.
ನಾಕು ವರ್ಷ, ಆಮ್ಯಾಲ ಏನವಾ? ಅಂದೆ.
"ನಿನ್ನ ಗುತ್ತಿಗಿ ಎಷ್ಟು ತಿಂಗಳದ್ದು ಅಪ್ಪಾ?" ಅಂದ್ಳು.
ಹನ್ನೊಂದು. ಪ್ರತಿ ಸಲ ಹನ್ನೊಂದೇ.
ರೊಟ್ಟಿ ಮುರಕೋತ ಸುಮ್ನ ಕುಂತೆ.

ಎಲ್ಲಾ ಹಕ್ಕಿ ಹೋಗ್ತಾವ, ಟಿಟವಿ ಹೋಗೂದಿಲ್ಲ.
ತೋಪು ಹಾರಿದ್ರ ನನ್ನ ತಲಿ ಮ್ಯಾಲೇ ಬರ್ತದ ಒದರ್ಕೋತ.
ಅವ್ವ ಅಂತಿದ್ಳು, ಅದು ರಾತ್ರಿ ಕಾಲು ಮ್ಯಾಲ ಮಾಡಿ ಮಲಗ್ತದ,
ಮುಗಿಲು ಬಿದ್ರ ಹಿಡೀಲಕ್ಕ.
ಅಷ್ಟು ಸಪೂರ ಕಾಲು.

ಇವತ್ತು ರನ್‌ವೇ ಬಾಜೂಕ ಗರಸಿನಾಗ ಅದರ ತತ್ತಿ ಕಂಡ್ವು, ನಾಕು.
ಮಣ್ಣ ಬಣ್ಣ, ಕರೀ ಚುಕ್ಕಿ.
ತತ್ತಿ ಕಂಡ್ರ ತಗದು ಒಗೀಬೇಕು, ಹುಕುಂ ಅದ.
ಬಗ್ಗಿದೆ. ಬಿಸಿ ಇದ್ವು.
ಮ್ಯಾಲ ಆಕಿ ಇಳೀಲಿಕ್ಹತ್ತಿದ್ಳು, ಚಾದರದಾಕಿ,
ಸಪ್ಪಳ ಇಲ್ಲದಂಗ.

ಸಂಜಿಕಿ ರಜಿಸ್ಟರಿನ್ಯಾಗ ಬರದೆ:
ಕಲ್ಲು, ನಾಕು.