ಕಡಲು ಒಗ್ಗದವನು

ಕಾನೂನು ಸರಳವಾಗಿತ್ತು, ಬೆಲ್ಮೀರು:
ಆರು ವರ್ಷ ಕಾಡ್ ಮೀನಿನ ಹಡಗು ಹತ್ತಿದವನಿಗೆ
ಸೈನ್ಯದ ಕರೆ ಇಲ್ಲ.
ಗ್ರೀನ್‌ಲ್ಯಾಂಡಿನ ಮಂಜು, ಇಲ್ಲವೇ ಗಿನಿಯ ಕೆಸರು.
ಇಲ್ಯಾವು ಊರಿನ ಹುಡುಗರಿಗೆ ಆಗ
ಇದ್ದದ್ದು ಇವೆರಡೇ.
ನಾನು ಮಂಜು ಆರಿಸಿಕೊಂಡೆ.

ನಿನಗೋ ನೀರೆಂದರೆ ಹೊಟ್ಟೆ ತೊಳಸು.
ಕೋಸ್ತ ನೋವಕ್ಕೆ ದಾಟಿಸುವ ಹಿನ್ನೀರ ದೋಣಿಯಲ್ಲೂ,
ಚಾಪೆ ಹಾಸಿದಂಥ ನೀರಿನ ಮೇಲೂ
ಅಂಚಿಗೆ ಬಾಗಿ ಕಕ್ಕುತ್ತಿದ್ದೆ.
ಅವ್ವ ಜೇಬಿಗೆ ನಿಂಬೆಯ ಸಿಪ್ಪೆ ತುರುಕುತ್ತಿದ್ದಳು:
ಮೂಸು, ದಡ ಬರುವ ತನಕ ಮೂಸುತ್ತಿರು.
ಬುಟ್ಟಿ ಸರಿಸಿಕೊಂಡು ಹೆಂಗಸರು ನಗುತ್ತಿದ್ದರು,
ಮೀನುಗಾರನ ಮನೆಯಲ್ಲಿ ಕೋಳಿ ಹುಟ್ಟಿದೆ ಎಂದು.

ಬಡಗಿಯ ಹತ್ತಿರ ಕೆಲಸ ಕಲಿಯುತ್ತಿದ್ದೆ,
ಕಿವಿಯ ಮೇಲೆ ಸದಾ ಪೆನ್ಸಿಲು.
ನೆಲಕ್ಕೆ ಕಾಲೂರಿ ನಿಲ್ಲುವಂಥದ್ದೇ ಮಾಡುತ್ತಿದ್ದೆ ನೀನು:
ಮೇಜು, ಮಂಚ.
ಆ ಮೂರು ಕಾಲಿನ ಸ್ಟೂಲು ಇವತ್ತಿಗೂ ಅಲುಗಿಲ್ಲ.
ಇದನ್ನು ಬರೆಯುತ್ತಿರುವುದು ಅದರ ಮೇಲೆ ಕೂತೇ.

ಇಪ್ಪತ್ತು ತುಂಬುವ ಮುಂಚಿನ ಚಳಿಗಾಲ
ಅವ್ವ ಅಂದಳು: ಎರ್ಮೀನಿಯು, ಕಪ್ತಾನನಿಗೊಂದು ಮಾತು ಹೇಳು,
ತಮ್ಮನನ್ನೂ ಸೇರಿಸಿಕೊಳ್ಳಲಿ.
ಹೇಳುತ್ತೇನೆ ಅಂದೆ.
ಹೇಳಿದೆ ಕೂಡ.
ಏನು ಹೇಳಿದೆನೆಂದು ಅವಳಿಗೆ ಕೊನೆತನಕ ತಿಳಿಯಲಿಲ್ಲ.

ಬೇಡ ಅಂದಿದ್ದೆ.
ಒಬ್ಬನೇ ಕೂರುವ ಚಪ್ಪಟೆ ದೋಣಿ, ಸುತ್ತ ಮಂಜು,
ಹಡಗು ಎಲ್ಲಿದೆಯೆಂದು ಶಂಖ ಊದಿ ಕೇಳಬೇಕು,
ಅಲ್ಲಿ ಇವನು ಉಳಿಯುವುದಿಲ್ಲ,
ನಾನು ನೋಡಲಾರೆ.
ಕಪ್ತಾನ ತಲೆಯಾಡಿಸಿದ. ಅಷ್ಟೇ.
ಸೈನ್ಯದಲ್ಲಾದರೆ ಕಾಲ ಕೆಳಗೆ ನೆಲವಿರುತ್ತದೆ
ಎಂದುಕೊಂಡಿದ್ದೆ.

ಹಳದಿ ಪತ್ರದಲ್ಲಿ ನೀನು ಬರೆದೆ:
ಇಲ್ಲಿ ನೆಲವೇ ದಿನಕ್ಕೆರಡು ಸಲ ನೀರಾಗುತ್ತದೆ ಅಣ್ಣ.
ಕ್ರಿಸ್‌ಮಸ್ ರಾತ್ರಿ ಆಲೂಗಡ್ಡೆಯ ಜೊತೆ ಉಪ್ಪುಮೀನು ಕೊಟ್ಟರು.
ನೀನು ಹಿಡಿದದ್ದೇ ಇರಬೇಕು, ಬರೀ ಮುಳ್ಳು.

ಉಪ್ಪಿನ ಋಣ ಅನ್ನುತ್ತಾರೆ.
ಯಾರ ಉಪ್ಪನ್ನು ಯಾರು ತಿಂದರು,
ಯಾರದನ್ನು ಯಾರು ತೀರಿಸಿದರು,
ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಸುದ್ದಿ ಜುಲೈನಲ್ಲೇ ಹಡಗಿನ ರೇಡಿಯೋಗೆ ಬಂದಿತ್ತಂತೆ.
ಕಪ್ತಾನ ಒಳಗಿಟ್ಟುಕೊಂಡ. ಮೀನು ಹೇರಳವಾಗಿದ್ದ ವರ್ಷ,
ಅಳುವ ಕೈ ಗಾಳ ಎಳೆಯುವುದಿಲ್ಲ.
ಹೊಟ್ಟೆ ತುಂಬಿಸಿಕೊಂಡು ಅಕ್ಟೋಬರಿನಲ್ಲಿ ಹಡಗು ತಿರುಗಿತು.
ಧಕ್ಕೆಯ ಮೇಲೆ ಅವ್ವ ಕಪ್ಪುಟ್ಟು ನಿಂತಿದ್ದಳು.
ನಮ್ಮೂರ ಹೆಂಗಸರಲ್ಲಿ ಅರ್ಧ ಜನ ಕಪ್ಪೇ ಉಡುವವರು,
ನನಗೆ ಗೊತ್ತಾಗಲಿಲ್ಲ.
ಚೀಲ ಎತ್ತಿ ಕೈಬೀಸಿದೆ, ನಗುತ್ತ.

ಸೀಸದ ಪೆಟ್ಟಿಗೆ ಬಂದದ್ದು ಫೆಬ್ರವರಿಯಲ್ಲಿ.
ಬೆಸುಗೆ ಹಾಕಿತ್ತು, ತೆರೆಯಕೂಡದೆಂಬ ಚೀಟಿ.
ನಾಲ್ವರು ಎತ್ತಿದೆವು.
ತಲೆ ತೆಗೆದು, ಕರುಳು ತೆಗೆದು, ಉಪ್ಪು ಸವರಿದ ಮೇಲೆ
ಮೀನು ಎಷ್ಟು ತೂಗುತ್ತದೆಂದು ಬಲ್ಲ ಹೆಗಲು ನನ್ನದು.
ಅದಕ್ಕೂ ತಿಳಿಯಲಿಲ್ಲ.
ಸೀಸ ಮಾತ್ರ ತೂಗಿತು.

ನಿನ್ನ ಜೊತೆಗಿದ್ದವನೊಬ್ಬ, ಬ್ರಗಾಂಸದ ಕಡೆಯವನು,
ಎಷ್ಟೋ ವರ್ಷದ ಮೇಲೆ ಹುಡುಕಿಕೊಂಡು ಬಂದ.
ಕಾಫಿಗೆ ಹಾಕಿದ ಸಕ್ಕರೆ ಕರಗಿದ ಮೇಲೂ ಕಲಕುತ್ತ
ಹೇಳಿದ: ನಡೆಯುವಾಗ ಅಲ್ಲ, ದೋಣಿಯಲ್ಲಿ.
ಕಾಂಡ್ಲಾ ಬೇರುಗಳ ನಡುವೆ, ಇಳಿತದ ಹೊತ್ತು,
ಎರಡೂ ದಡದಿಂದ ಗುಂಡು.
ಹಾರಿಸಿದವರೂ ನಮ್ಮ ವಯಸ್ಸಿನವರೇ,
ನೆಲ ಅವರದು.
ಬೆಲ್ಮೀರು ಮುಂದುಗಡೆ ಕೂತಿದ್ದ.

ಕಕ್ಕಿದನೇ? ಎಂದು ಕೇಳಿದೆ.
ಎಂಥ ಪ್ರಶ್ನೆ ಇದು ಎಂಬಂತೆ ನೋಡಿದ.
ನೆನಪಿಲ್ಲ ಅಂದ.

ನಿನ್ನ ಸಾಮಾನಿನ ಪಟ್ಟಿ ಇನ್ನೂ ನನ್ನ ಬಳಿ ಇದೆ,
ಟೈಪು ಮಾಡಿದ್ದು, ಕೆಳಗೆ ಮೊಹರು.
ಬಾಚಣಿಗೆ, ಒಂದು.
ಕೈಗಡಿಯಾರ, ಒಂದು, ನಿಂತದ್ದು.
ಪತ್ರಗಳು, ಹದಿನಾಲ್ಕು.
ಒಣಗಿದ ವಸ್ತು, ಏನೆಂದು ತಿಳಿಯದು, ಒಂದು.

ತಲುಪಿದೆ ಎಂದು ಬರೆದು
ಅವ್ವನ ಪರವಾಗಿ ನಾನೇ ಸಹಿ ಹಾಕಿದೆ.