ನಡೀದ ನಾಣ್ಯ

ಕಲಬುರಗಿ ಗಂಜಿನಾಗ, ಅಡತಿ ಅಂಗಡಿ ಮುಂದ
ತೊಗರಿ ಧೂಳಿಗೆ ಸೀನಿಕೋತ
ಡಬ್ಬಿ ಹಿಡದು ನಿಂತಿದ್ದಿವಿ, ನಾ ಮತ್ತ ಮಹಜಬೀನ್.
ಬಿಸ್ಕೀಟಿನ ಡಬ್ಬಿ. ಮುಚ್ಚಳಕ್ಕ
ಆಕಿ ಅಣ್ಣನ ಉಳಿ ಹೊಡೆದ ಸೊಟ್ಟ ಸೀಳು.

ಸಾವಕಾರ ಗಲ್ಲಾ ಕೆದಕಿ
ಹತ್ತರ ನಾಣ್ಯ ಆರು ತೆಗೆದ.
‘ಇವು ಊರಾಗ ಯಾರೂ ತೊಗೊಳ್ಳಲ್ಲ, ನಡ್ಯಲ್ಲ.
ನಿಮಗರೆ ಆಗ್ಲಿ.’
ಪುಣ್ಯದ ಸಪ್ಪಳ ಜೋರಾಗೇ ಬಂತು.

ಮೂಟಿ ಇಳಿಸಿದ ಹಮಾಲ
ಬೆವತ ನೋಟೊಂದು ಬಿಡಿಸಿಕೋತ ಕೇಳಿದ:
‘ಕೂಸಿನ ಹೆಸರೇನ್ರಿ?’
ಮುಂಜಾನಿಂದ ಯಾರೂ ಕೇಳಿದ್ದಿಲ್ಲ.
ಭೀಮಾಶಂಕರ, ಅಂದೆ. ಏಳು ವರ್ಷ. ರಕ್ತದ ಜಡ್ಡು.
‘ನಡೀತಾನ?’
ಎರಡು ತಿಂಗಳಾಯ್ತು, ಇಲ್ಲ.

ರಾತ್ರಿ ವಾರ್ಡಿನ ಹೊರಗ, ಕಲ್ಲಬೆಂಚಿನ ಮ್ಯಾಲ ಎಣಿಸಿದಿವಿ.
ನಾಲ್ಕು ಸಾವಿರದ ಮುನ್ನೂರ ಎಂಬತ್ತು.
ಅದರಾಗ ಎಂಬತ್ತೆರಡು ನಾಣ್ಯ ನಡೀದವು.
ಒಂದು ಇಂಜೆಕ್ಷನ್ನಿಗೆ ಹನ್ನೊಂದು ಸಾವಿರ.

ಔಷಧಿ ಅಂಗಡಿಯವ ತಲಿ ಅಲ್ಲಾಡಿಸಿದ.
ಮಹಜಬೀನ್ ಮಾತಾಡಲಿಲ್ಲ. ಒಂದೊಂದೇ
ಗಾಜಿನ ಮ್ಯಾಲ ಸಾಲು ಹಚ್ಚಿದಳು,
ಸಿಂಹದ ಮುಖ ಅವನ ಕಡಿ ಮಾಡಿ.
‘ಯಾಕ ನಡ್ಯಲ್ಲ, ಸಿಂಹಕ್ಕ ಹೇಳು.’
ಹಿಂದಿನ ಸಾಲಿನಾಗ ಯಾರೋ ನಕ್ಕರು.
ಅಂವ ಬೈಕೋತ ಎಳಕೊಂಡ.

ಒಂದು ಉಳಿದಿತ್ತು ನನ್ನ ಮುಷ್ಟ್ಯಾಗ.
ಮಂಚದ ಹತ್ತಿರ ಬಗ್ಗಿದಾಗ ಜಾರಿ
ಫರಸಿ ಮ್ಯಾಲ ಅಂಚು ಹಿಡದು ಹೊಂಟಿತು,
ಸಲೈನ್ ಕಂಬ ಸುತ್ತಿ, ಆಯಾನ ಚಪ್ಪಲಿ ದಾಟಿ.
ಕೂದಲಿಲ್ಲದ ತಲಿ ದಿಂಬಿನಿಂದ ಎತ್ತಿ
ಭೀಮು ಚೀರಿದ:
‘ಅಕ್ಕಾ, ಓಡ್ಲಕತ್ತದ ನೋಡ್ರಿ! ಓಡ್ಲಕತ್ತದ!’

ಈಗದು ಅವನ ದಿಂಬಿನ ಕೆಳಗದ.
ಲೆಕ್ಕದ ವಹಿಯಾಗ
ಹತ್ತು ರೂಪಾಯಿ ಕಡಿಮಿ ಬರದೀನಿ.