ದೀಪದ ಲೆಕ್ಕ

ಡಾರ್ಟ್‌ಮುಂಡಿನ ಮುದುಕನೊಬ್ಬ
ಭಾನುವಾರ ಚರ್ಚಿಗೆ ಮಾತ್ರ ಓಡಿಸಿದ್ದು,
ಅಂದ ಜೆನೋನ್.
ಬಿತೋಮಿನಲ್ಲಿ ಮಾರಾಟಕ್ಕೆ ನಿಂತ ಹಳೇ ಕಾರನ್ನೆಲ್ಲ
ಆ ಒಬ್ಬನೇ ಮುದುಕ ಓಡಿಸಿದ್ದಾನೆ.
ಪುಣ್ಯವಂತ,
ಎಷ್ಟು ಚರ್ಚು, ಎಷ್ಟು ಭಾನುವಾರ!

ನಕ್ಕೆ. ಆದರೂ ಒಂದು ಸುತ್ತು ಬಂದೆ.
ಬೂದಿ ಬಣ್ಣ, ನಾಲ್ಕು ಬಾಗಿಲು,
ಗುಮಾಸ್ತನ ಕೋಟಿನಂಥ ಮೈ.
ಬಾನೆಟ್ ಎತ್ತಿದರೆ ಎಂಟು ಸಿಲಿಂಡರು,
ನಾನೂರು ಕುದುರೆ.
ಬೂದಿ ಮುಚ್ಚಿದ ಕೆಂಡ
ಟೈರು ಹಾಕಿಕೊಂಡು ನಿಂತದ್ದನ್ನು
ಐವತ್ಮೂರನೇ ವಯಸ್ಸಿಗೆ ಕಂಡೆ.

ಮೀಟರಿನಲ್ಲಿ ಒಂದು ಲಕ್ಷ ನಲವತ್ತು ಸಾವಿರ.
ಅಂಕಿಯ ಪಕ್ಕ ಒಂದು ಚುಕ್ಕೆ.
"ಇದೇನು?"
"ಏನಿಲ್ಲ, ಧೂಳು."
ಒರೆಸಿದೆ. ಹೋಗಲಿಲ್ಲ.
ಗಣಿ ಮುಚ್ಚಿದಾಗ ಕೈಗಿತ್ತ ದುಡ್ಡು
ಕವರಿನಲ್ಲಿ ಇನ್ನೂ ಬೆಚ್ಚಗಿತ್ತು.
ಕೊಟ್ಟುಬಿಟ್ಟೆ.

ಅಡುಗೆಮನೆ ಹೊಸದು ಮಾಡಿಸಬಹುದಿತ್ತು, ಎರಿಕಾ,
ಅಂದಳು ತಂಗಿ.
ಹೌದು, ಮಾಡಿಸಬಹುದಿತ್ತು.

ದಾನಕ್ಕೆ ಬಂದ ಎಮ್ಮೆಯಾದರೆ ಹಲ್ಲು ಎಣಿಸಬಾರದು;
ಇದು ರೊಕ್ಕ ಎಣಿಸಿ ತಂದದ್ದು.
ಗಿಂಟರನ ಗ್ಯಾರೇಜಿನಲ್ಲಿ ಚಳಿಗಾಲವಿಡೀ ಎಣಿಸಿದೆವು.
ಬೆಳಗಿನ ಥಂಡಿಗೆ ಇಂಜಿನ್ನು ಹಲ್ಲು ಕಡಿಯುತ್ತಿತ್ತು.
ಬೇರಿಂಗು ಬಿಚ್ಚಿದರೆ ಸವೆದು ತಾಮ್ರ ಇಣುಕುತ್ತಿತ್ತು.
ಎಲ್ಲ ಬದಲಿಸಿ, ಸ್ಪ್ರಿಂಗು ಎರಡು ಬೆರಳು ತಗ್ಗಿಸಿ,
ಗೇರಿನ ಹಿಡಿಯನ್ನು ನನ್ನ ಗೇಣಿಗೆ ಗಿಡ್ಡ ಮಾಡಿಸಿ,
ಬೆನ್ನ ಮೇಲಿದ್ದ ಜಂಬದ ಅಕ್ಷರವನ್ನು
ಮೀನಿನ ದಾರದಿಂದ ಗರಗಸ ಎಳೆದಂತೆ ಎಳೆದು ಕಿತ್ತೆ.
ಸೈಲೆನ್ಸರು ಜೋರಿನದು ಹಾಕೋಣವೆಂದ ಗಿಂಟರ್.
ಬೇಡ, ಪಕ್ಕದ ಮನೆಯವರು ರಾತ್ರಿ ಪಾಳಿ,
ಕೆಮ್ಮಿದರೆ ಸಾಕು,
ಕೂಗುವುದು ಬೇಡ.

ಕೊನೆಗೊಂದು ಸಂಜೆ ಲ್ಯಾಪ್‌ಟಾಪ್ ಸಿಕ್ಕಿಸಿ
ಅವನು ಸುಮ್ಮನಾದ.
"ಲೆಕ್ಕ ಎರಡು ಕಡೆ ಇರುತ್ತೆ ಇದರಲ್ಲಿ.
ಒಂದು ಮೀಟರು. ಅದನ್ನು ತಿದ್ದಿದ್ದಾರೆ.
ಇನ್ನೊಂದು ಇಲ್ಲಿ, ಕಾಲ ಬಳಿ ಮೂಲೆಯಲ್ಲಿ,
ದೀಪಗಳನ್ನು ನೋಡಿಕೊಳ್ಳೋ ಪೆಟ್ಟಿಗೆ.
ಎರಡೂ ತಾಳೆಯಾಗದಿದ್ದರೆ ಚುಕ್ಕೆ."
ದೀಪದ ಪೆಟ್ಟಿಗೆ ಹೇಳಿತು:
ಮೂರು ಲಕ್ಷ ಹನ್ನೆರಡು ಸಾವಿರ.

ಅಳುತ್ತೇನೆಂದುಕೊಂಡ ಪಾಪ, ಕುರ್ಚಿ ಎಳೆದ.
ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಇಪ್ಪತ್ತಾರು ವರ್ಷ ದೀಪದ ಕೋಣೆಯವಳು ನಾನು.
ಇಳಿಯುವವನಿಗೆ ದೀಪ,
ಅವನ ಹಿತ್ತಾಳೆ ಬಿಲ್ಲೆ ನನ್ನ ಮೊಳೆಗೆ.
ಬಾಯಿಮಾತು ನಂಬುವ ಕೆಲಸವಲ್ಲ ಅದು:
ದೀಪ ಬಂದರೆ ಆಳು ಬಂದ.
ಒಮ್ಮೆ ನಾನೂರ ಹದಿನೇಳು ಬರಲಿಲ್ಲ.
ಇಡೀ ಗಣಿ ಎದ್ದು ನಿಂತಿತು, ಪಾದ್ರಿಯೂ ಬಂದ.
ರಾತ್ರಿ ಹನ್ನೊಂದಕ್ಕೆ ಸ್ನಾನದ ಮನೆಯ ಬೆಂಚಿನಲ್ಲಿ ಸಿಕ್ಕ
ಜೆಫಿರಿನ್,
ಎದೆಯ ಮೇಲೆ ದೀಪ ಉರಿಸಿಕೊಂಡೇ
ಗೊರಕೆ ಹೊಡೆಯುತ್ತ.
ಬಿಲ್ಲೆಯನ್ನು ಅವನ ತಲೆಗೇ ಎಸೆದೆ.
ಈಗದು ನನ್ನ ಕೀಲಿಗೊಂಚಲಲ್ಲಿದೆ.

"ಹೇಳು, ದೀಪದ ಪೆಟ್ಟಿಗೆಯನ್ನೂ ತಿದ್ದಿಬಿಡ್ತೀನಿ.
ಮಾರುವಾಗ ಬೆಲೆ ಬರುತ್ತೆ."
ಕೂದಲಿಗೆ ಬಣ್ಣ ಹಚ್ಚುತ್ತೇನೆ, ಗಿಂಟರ್,
ಮಂಡಿಗೆ ಹಚ್ಚುವುದು ಹೇಗೆ?
ಚುಕ್ಕೆ ಇರಲಿ.

ನಿನ್ನೆ ರಾತ್ರಿ, ಗ್ಲಿವಿತ್ಸೆಯ ದಾರಿ, ಕೆಂಪು ಸಿಗ್ನಲ್ಲು.
ಪಕ್ಕದಲ್ಲಿ ರೆಕ್ಕೆ ಕಟ್ಟಿಸಿಕೊಂಡ ಗಾಲ್ಫು;
ಒಳಗಿನ ಹುಡುಗ ನನ್ನ ಟೊಪ್ಪಿಗೆ ನೋಡಿ,
ಕಾರು ನೋಡಿ,
ಆಕಳಿಸಿದ.
ಹಸಿರು ಬಿತ್ತು.
ಎರಡನೇ ಗೇರು. ಮೂರನೆಯದು.
ಬೂದಿ ಹಾರಿತು ಅನ್ನಿ.

ಕನ್ನಡಿಯಲ್ಲಿ ಅವನ ದೀಪ
ಅಕ್ಕಿಕಾಳಾಗಿ,
ನುಚ್ಚಾಗಿ, ತಿರುವಿನಲ್ಲಿ ಇಲ್ಲವಾದವು.
ಕಾಲು ತಾನಾಗಿ ಮೇಲೆದ್ದಿತು.
ಅರವತ್ತು. ನಲವತ್ತು.
ಕಾದೆ.
ಒಂದು. ಎರಡು.
ಎರಡೂ ಬಂದವೆಂದು ಖಾತ್ರಿಯಾದ ಮೇಲೆಯೇ
ಮತ್ತೆ ಗೇರಿಗೆ ಕೈ ಹಾಕಿದ್ದು.